ಕುಡುಗೋಲು ಕಣ ರೋಗದಲ್ಲಿ ಜಲಸಮತೋಲ

ಕುಡುಗೋಲು ಕಣ ರೋಗದಲ್ಲಿ ಜಲಸಮತೋಲವೆಂದರೆ, ಆನುವಂಶಿಕವಾಗಿ ವಿಕೃತವಾದ ಹೀಮೋಗ್ಲೋಬಿನನ್ನು ಹೊತ್ತ ಕೆಂಪು ರಕ್ತಕಣಗಳು ನೀರನ್ನು ಕಳೆದುಕೊಂಡು ಬಾಗಿ ಬಿರುಸಾಗದಂತೆ, ಶರೀರದೊಳಕ್ಕೆ ಬರುವ ಮತ್ತು ಶರೀರದಿಂದ ಹೊರಹೋಗುವ ನೀರಿನ ಪ್ರಮಾಣಗಳನ್ನು ಪ್ರತಿದಿನವೂ ಸರಿದೂಗಿಸಿಕೊಳ್ಳುವ ಕ್ರಮ. ಇದು ರೋಗವನ್ನು ನಿರ್ಮೂಲ ಮಾಡುವ ಚಿಕಿತ್ಸೆಯಲ್ಲ. ರೋಗದೊಡನೆ ಬಾಳುವವರು ಜೀವಮಾನಪರ್ಯಂತ ಪಾಲಿಸಬೇಕಾದ ರಕ್ಷಣೋಪಾಯಗಳಲ್ಲಿ ಒಂದು. ‘ನೀರು ಹೆಚ್ಚಾಗಿ ಕುಡಿಯಿರಿ’ ಎಂದು ವೈದ್ಯರು ಹೇಳುವ ಮಾತು ಮೇಲುನೋಟಕ್ಕೆ ಸಾಮಾನ್ಯ ಉಪದೇಶದಂತೆ ತೋರಿದರೂ, ಈ ರೋಗದಲ್ಲಿ ಅದಕ್ಕೆ ಎರಡು ಪ್ರತ್ಯೇಕ ಕಾರಣಗಳಿವೆ: ಕೆಂಪು ಕಣವು ತನ್ನೊಳಗಿನ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಶರೀರದ ನೀರನ್ನು ಉಳಿಸಬೇಕಾದ ಮೂತ್ರಪಿಂಡವೂ, ಅದೇ ಕಣಗಳಿಂದ ಬಾಲ್ಯದಲ್ಲಿಯೇ ಪೆಟ್ಟು ತಿಂದು, ಉಳಿಸುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಪರಿಭಾಷೆ

ಕನ್ನಡ ಬರವಣಿಗೆಯಲ್ಲಿ ಕುಡುಗೋಲು ಕಣ ರೋಗ, ಕುಡುಗೋಲು ರಕ್ತಹೀನತೆ ಎಂಬ ಎರಡು ಹೆಸರುಗಳೂ ಕಾಣುತ್ತವೆ. ಆಡುಮಾತಿನಲ್ಲಿ ಸಿಕಲ್ ಸೆಲ್ ಎಂಬುದೇ ರೂಢಿ. ರಕ್ತಹೀನತೆ ಈ ರೋಗದ ಒಂದು ಲಕ್ಷಣ ಮಾತ್ರವಾದುದರಿಂದ ಇಲ್ಲಿ ಮೊದಲನೆಯ ಹೆಸರನ್ನೇ ಇಟ್ಟುಕೊಳ್ಳಲಾಗಿದೆ. ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡು ಎಲುಬು, ಬೆನ್ನು, ಎದೆ, ಹೊಟ್ಟೆಗಳಲ್ಲಿ ಹಠಾತ್ತನೆ ಏಳುವ ತೀವ್ರವಾದ ನೋವಿಗೆ ವೇದನಾಘಾತವೆಂದು ಹೆಸರು. ನಿರ್ಜಲೀಕರಣವೆಂಬ ಪದವನ್ನು ಎರಡು ಅರ್ಥಗಳಲ್ಲಿ ಬಳಸಬೇಕಾಗುವುದರಿಂದ ಅವನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಬೆವರು, ಭೇದಿ, ಜ್ವರ ಮೊದಲಾದುವುಗಳಿಂದ ಇಡೀ ದೇಹದ ನೀರು ಕುಗ್ಗುವುದು ಶರೀರ ನಿರ್ಜಲೀಕರಣ. ಕೆಂಪು ಕಣದ ಪೊರೆಯ ಮೂಲಕ ಲವಣವೂ ಅದರ ಹಿಂದೆಯೇ ನೀರೂ ಹೊರಬಿದ್ದು ಕಣ ಮಾತ್ರ ಒಣಗುವುದು ಕಣ ನಿರ್ಜಲೀಕರಣ. ಮೊದಲನೆಯದು ಎರಡನೆಯದನ್ನು ತೀವ್ರಗೊಳಿಸುವುದು ನಿಜ. ಆದರೆ ಶರೀರದಲ್ಲಿ ಸಾಕಷ್ಟು ನೀರಿದ್ದಾಗಲೂ ಈ ರೋಗಿಗಳ ಕಣಗಳಲ್ಲಿ ಒಂದು ಭಾಗ ಒಣಗಿಯೇ ಇರುತ್ತದೆ. ಈ ಭೇದವನ್ನು ಮರೆತುದರಿಂದಲೇ ನೀರಿನ ಮಹಿಮೆಯನ್ನು ಅತಿಯಾಗಿ ಹೊಗಳುವ ಬರಹಗಳೂ, ಅದನ್ನು ಪೂರ್ತಿಯಾಗಿ ತಳ್ಳಿಹಾಕುವ ಬರಹಗಳೂ ಹುಟ್ಟಿಕೊಂಡಿವೆ.

ಇತಿಹಾಸ

ಆಫ್ರಿಕದ ಜನಸಮುದಾಯಗಳು ಈ ವ್ಯಾಧಿಯನ್ನು ತಮ್ಮ ತಮ್ಮ ಭಾಷೆಗಳಲ್ಲಿ ಹೆಸರಿಟ್ಟು ಬಹುಕಾಲದಿಂದ ಗುರುತಿಸಿದ್ದರೂ, ಆಧುನಿಕ ವೈದ್ಯಶಾಸ್ತ್ರದಲ್ಲಿ ಇದರ ಮೊದಲ ವರದಿ 1910ರದು. ಗ್ರೆನೇಡ ದ್ವೀಪದಿಂದ ದಂತವೈದ್ಯ ವ್ಯಾಸಂಗಕ್ಕೆಂದು ಷಿಕಾಗೋ ನಗರಕ್ಕೆ ಬಂದಿದ್ದ ತರುಣನೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿರುವುದನ್ನು ಜೇಮ್ಸ್ ಹೆರಿಕ್ ಆ ವರ್ಷ ಪ್ರಕಟಿಸಿದರು. ಆಮ್ಲಜನಕ ತಗ್ಗಿದಾಗ ಕಣಗಳು ಬಾಗುವುವೆಂಬುದನ್ನು 1927ರಲ್ಲಿ ಹಾನ್ ಮತ್ತು ಗಿಲೆಸ್ಪಿ, ದೋಷವಿರುವುದು ಹೀಮೋಗ್ಲೋಬಿನ್ ಅಣುವಿನಲ್ಲಿಯೇ ಎಂಬುದನ್ನು 1949ರಲ್ಲಿ ಲೀನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಹೀಮೋಗ್ಲೋಬಿನಿನ ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲೀನ್ ಇರುವುದೇ ಆ ದೋಷವೆಂದು ವರ್ನನ್ ಇನ್‌ಗ್ರಾಂ 1950ರ ದಶಕದ ಉತ್ತರಾರ್ಧದಲ್ಲಿ ಸ್ಥಾಪಿಸಿದರು. ಭಾರತದಲ್ಲಿ ಈ ಲಕ್ಷಣ 1952ರಲ್ಲಿ ಬೆಳಕಿಗೆ ಬಂದಿತು. ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಕರ್ನಾಟಕದ ಗಡಿಗೆ ಹೊಂದಿಕೊಂಡ ನೀಲಗಿರಿಯ ಗಿರಿಜನರ ರಕ್ತದಲ್ಲಿ ಅದನ್ನು ಕಂಡರು.

ನೀರಿನ ಪಾತ್ರ ಸ್ಪಷ್ಟವಾದುದು ಬಹಳ ತಡವಾಗಿ, ಅದೂ ಬೇರೆ ಬೇರೆ ದಿಕ್ಕುಗಳಿಂದ. ಕಣದೊಳಕ್ಕೆ ಕ್ಯಾಲ್ಸಿಯಂ ನುಗ್ಗಿದಾಗ ಪೊಟಾಸಿಯಂ ಹೊರಕ್ಕೆ ಹರಿಯುವುದೆಂದು ಹಂಗೇರಿಯ ಗಾರ್ಡೋಷ್ 1958ರಲ್ಲಿ ಬರೆದಾಗ ಅವರ ಮುಂದೆ ಈ ರೋಗವಿರಲಿಲ್ಲ. ವಿಕೃತ ಹೀಮೋಗ್ಲೋಬಿನ್ ಗಟ್ಟಿಯಾಗಲು ಹಿಡಿಯುವ ಕಾಲ ಅದರ ಸಾಂದ್ರತೆಯನ್ನು ಎಷ್ಟು ತೀಕ್ಷ್ಣವಾಗಿ ಅವಲಂಬಿಸಿದೆಯೆಂಬುದನ್ನು 1974ರಲ್ಲಿ ಹಾಫ್‌ರಿಕ್ಟರ್, ರಾಸ್ ಮತ್ತು ಈಟನ್ ಅಳೆದು ಹೇಳಿದ ಮೇಲೆಯೇ ಕಣದ ನೀರಿಗೆ ರೋಗಕಾರಣದಲ್ಲಿ ನಿಜವಾದ ಸ್ಥಾನ ದೊರಕಿತು.

ಕಣದೊಳಗಿನ ನೀರು

ಆರೋಗ್ಯವಂತರ ಕೆಂಪು ಕಣದಲ್ಲಿ ಡೆಸಿಲೀಟರಿಗೆ 32ರಿಂದ 36 ಗ್ರಾಮಿನಷ್ಟು ಹೀಮೋಗ್ಲೋಬಿನ್ ಇರುತ್ತದೆ. ಜೀವಕೋಶವೊಂದರೊಳಗೆ ಒಂದೇ ಪ್ರೋಟೀನು ಇಷ್ಟು ಇಟ್ಟಣಿಸಿರುವುದು ಅಪರೂಪ. ಸಹಜ ಹೀಮೋಗ್ಲೋಬಿನಿಗೆ ಈ ದಟ್ಟಣೆ ಬಾಧಕವಲ್ಲ. ಕುಡುಗೋಲು ಹೀಮೋಗ್ಲೋಬಿನಾದರೋ, ಅಂಗಾಂಶಗಳಿಗೆ ಆಮ್ಲಜನಕವನ್ನು ಕೊಟ್ಟು ಬರಿದಾದೊಡನೆ, ಒಂದು ಅಣುವಿನ ವ್ಯಾಲೀನು ಇನ್ನೊಂದು ಅಣುವಿನ ಕುಳಿಗೆ ಸಿಕ್ಕಿಕೊಂಡು, ಹಗ್ಗದ ಹುರಿಗಳಂತೆ ಉದ್ದುದ್ದವಾಗಿ ಹೆಣೆದುಕೊಳ್ಳುತ್ತದೆ. ಆ ನಾರುಗಳೇ ಕಣವನ್ನು ಒಳಗಿನಿಂದ ಹಿಗ್ಗಾಮುಗ್ಗಾ ಎಳೆದು ಕುಡುಗೋಲಿನ ಆಕಾರಕ್ಕೆ ತರುತ್ತವೆ. ಈ ಹೆಣಿಗೆ ಒಡನೆಯೇ ಆರಂಭವಾಗುವುದಿಲ್ಲ. ಆಮ್ಲಜನಕ ಹೋದ ಗಳಿಗೆಗೂ ನಾರು ಮೂಡುವ ಗಳಿಗೆಗೂ ನಡುವೆ ಒಂದು ವಿಳಂಬಕಾಲವುಂಟು. ಕಣವು ಲೋಮನಾಳವನ್ನು ದಾಟಲು ಸುಮಾರು ಒಂದು ಸೆಕೆಂಡು, ಶ್ವಾಸಕೋಶಕ್ಕೆ ಮರಳಿ ಆಮ್ಲಜನಕ ತುಂಬಿಕೊಳ್ಳಲು ಮತ್ತೆ ಕೆಲವು ಸೆಕೆಂಡುಗಳು ಸಾಕು. ವಿಳಂಬಕಾಲ ಇದಕ್ಕಿಂತ ದೀರ್ಘವಾಗಿದ್ದರೆ ಕಣ ಬಾಗದೆಯೇ ಪಾರಾಗಿಬಿಡುತ್ತದೆ.

ರೋಗಿಯ ಸುಖದುಃಖಗಳು ನಿಂತಿರುವುದು ಈ ಕೆಲವು ಸೆಕೆಂಡುಗಳ ಮೇಲೆ, ಮತ್ತು ಆ ಸೆಕೆಂಡುಗಳನ್ನು ನಿರ್ಣಯಿಸುವ ಅಂಶಗಳಲ್ಲಿ ಪ್ರಧಾನವಾದುದು ಕಣದಲ್ಲಿರುವ ನೀರು. ವಿಳಂಬಕಾಲವು ಹೀಮೋಗ್ಲೋಬಿನ್ ಸಾಂದ್ರತೆಯ ಹದಿನೈದರಿಂದ ಮೂವತ್ತನೆಯ ಘಾತಕ್ಕೆ ವಿಲೋಮವಾಗಿ ವ್ಯತ್ಯಾಸಗೊಳ್ಳುತ್ತದೆ. ಈ ಲೆಕ್ಕದ ಅರ್ಥವಿಷ್ಟು: ಕಣದಿಂದ ನೀರು ಹೋಗಿ ಸಾಂದ್ರತೆ ನೂರಕ್ಕೆ ಹತ್ತರಷ್ಟು ಏರಿದರೆ, ವಿಳಂಬಕಾಲ ಹತ್ತನೆಯ ಒಂದು ಪಾಲು ಕುಗ್ಗುವುದಲ್ಲ, ಮೊದಲಿದ್ದುದರ ನಾಲ್ಕನೆಯ ಒಂದು ಪಾಲಿಗೆ, ಕೆಲವೊಮ್ಮೆ ಹದಿನೇಳನೆಯ ಒಂದು ಪಾಲಿಗೆ ಇಳಿದುಬಿಡುತ್ತದೆ. ನಿಸರ್ಗದಲ್ಲಿ ಇಷ್ಟು ಕಡಿದಾದ ಅವಲಂಬನೆ ವಿರಳ.

ನೀರು ಹೊರಬೀಳುವ ದಾರಿಗಳು ಮುಖ್ಯವಾಗಿ ಮೂರು. ಕಣ ಬಾಗಿದಾಗ ಪೊರೆ ಹಿಗ್ಗಿ ತೆರೆದುಕೊಳ್ಳುವ ರಂಧ್ರಮಾರ್ಗದಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಗಾರ್ಡೋಷ್ ನಾಳವನ್ನು ತೆರೆಸಿದೊಡನೆ ಪೊಟಾಸಿಯಂ ಹೊರಹರಿಯುತ್ತದೆ. ಪೊಟಾಸಿಯಂ ಮತ್ತು ಕ್ಲೋರೈಡುಗಳನ್ನು ಜೊತೆಯಾಗಿ ಸಾಗಿಸುವ ಮೂರನೆಯ ಮಾರ್ಗವು ಆಮ್ಲೀಯ ವಾತಾವರಣದಲ್ಲಿ ಚುರುಕಾಗುತ್ತದೆ. ಲವಣ ಹೋದಲ್ಲಿಗೆ ನೀರೂ ಹೋಗುವುದರಿಂದ ಕಣ ಒಣಗಿ, ಕೆಲವು ಕಣಗಳಲ್ಲಿ ಹೀಮೋಗ್ಲೋಬಿನ್ ಸಾಂದ್ರತೆ 40 ಗ್ರಾಮನ್ನೂ ಮೀರುವುದುಂಟು. ಒಣಗಿದ ಕಣ ಬೇಗ ಬಾಗುತ್ತದೆ, ಬಾಗಿದುದು ಮತ್ತಷ್ಟು ಒಣಗುತ್ತದೆ. ಕಡೆಗೆ ಆಮ್ಲಜನಕ ತುಂಬಿದರೂ ನೇರವಾಗದ ಸ್ಥಿತಿಯನ್ನು ಮುಟ್ಟಿದ ಕಣಗಳು ರಕ್ತದಲ್ಲಿ ತಿರುಗುತ್ತಿರುತ್ತವೆ. ಸುಮಾರು 120 ದಿನ ಬಾಳಬೇಕಾದ ಕೆಂಪು ಕಣ ಈ ರೋಗದಲ್ಲಿ ಹತ್ತಿಪ್ಪತ್ತು ದಿನಗಳಲ್ಲಿ ನಾಶವಾಗುತ್ತದೆ.

ಮೂತ್ರಪಿಂಡ

ಮೂತ್ರಪಿಂಡದ ಒಳಭಾಗವಾದ ಮಜ್ಜಾಪ್ರದೇಶದಲ್ಲಿ ಆಮ್ಲಜನಕ ಸಹಜವಾಗಿಯೇ ಕಡಮೆ, ಆಮ್ಲೀಯತೆ ಹೆಚ್ಚು, ಸುತ್ತಲಿನ ದ್ರವ ಬಹಳ ಉಪ್ಪು. ಮೂತ್ರದಿಂದ ನೀರನ್ನು ಹಿಂದಕ್ಕೆ ಹೀರಿಕೊಳ್ಳಲು ಪ್ರಕೃತಿ ಮಾಡಿಕೊಂಡ ಈ ಏರ್ಪಾಡೇ ಕುಡುಗೋಲು ಕಣಕ್ಕೆ ಎಲ್ಲಕ್ಕಿಂತ ಪ್ರತಿಕೂಲವಾದ ತಾಣ. ಅಲ್ಲಿ ಹರಿಯುವ ಕಣಗಳು ಒಣಗಿ, ಬಾಗಿ, ಕಿರುನಾಳಗಳನ್ನು ಕಟ್ಟಿ, ಕ್ರಮೇಣ ಆ ನಾಳಜಾಲವನ್ನೇ ಅಳಿಸಿಹಾಕುತ್ತವೆ. ಪರಿಣಾಮವಾಗಿ ಮೂತ್ರವನ್ನು ಸಾಂದ್ರಗೊಳಿಸುವ ಸಾಮರ್ಥ್ಯ ಎಳೆಯ ವಯಸ್ಸಿನಲ್ಲಿಯೇ ಕುಂದುತ್ತದೆ. ಸಹಜ ರಕ್ತವನ್ನು ಕೊಡುವುದರಿಂದ ಚಿಕ್ಕ ಮಕ್ಕಳಲ್ಲಿ ಈ ಸಾಮರ್ಥ್ಯ ತಾತ್ಕಾಲಿಕವಾಗಿ ಮರಳುವುದು ಕಂಡುಬಂದಿದೆ. ವಯಸ್ಸು ಬೆಳೆದಂತೆ ಅದು ಮರಳುವುದಿಲ್ಲ.

ಇದರ ನಷ್ಟವನ್ನು ಅಂಕಿಗಳಲ್ಲಿ ಹೇಳಬಹುದು. ಆರೋಗ್ಯವಂತರ ಮೂತ್ರಪಿಂಡ ಮೂತ್ರವನ್ನು ಕಿಲೋಗ್ರಾಮಿಗೆ ಸುಮಾರು 1,200 ಮಿಲ್ಲಿಆಸ್ಮೋಲಿನವರೆಗೆ (ಕರಗಿದ ಪದಾರ್ಥಗಳ ಸಾಂದ್ರತೆಯ ಅಳತೆ) ದಟ್ಟಗೊಳಿಸಬಲ್ಲುದು. ಕುಡುಗೋಲು ಕಣ ರೋಗದ ವಯಸ್ಕರಲ್ಲಿ ಅದು 400ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆಹಾರದಿಂದ ಬಂದ ಲವಣ ಮತ್ತು ಯೂರಿಯಗಳ ರೂಪದಲ್ಲಿ ದಿನಕ್ಕೆ 600 ಮಿಲ್ಲಿಆಸ್ಮೋಲ್ ಹೊರಹೋಗಬೇಕಾದರೆ, ಮೊದಲನೆಯವರಿಗೆ ಅರ್ಧ ಲೀಟರು ಮೂತ್ರ ಸಾಕು. ಎರಡನೆಯವರು ಒಂದೂವರೆ ಲೀಟರು ನೀರನ್ನು, ಬಾಯಾರಿದ್ದರೂ, ಕಳೆದುಕೊಳ್ಳಲೇಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಂಥ ಉಪ್ಪುಭರಿತ ಪದಾರ್ಥಗಳು ಹೆಚ್ಚಾದಂತೆ ಈ ಅನಿವಾರ್ಯ ವ್ಯಯವೂ ಹೆಚ್ಚುವುದು ಇದೇ ಲೆಕ್ಕದಿಂದ ತಿಳಿಯುತ್ತದೆ.

ಇಲ್ಲಿಂದ ಎರಡು ವ್ಯಾವಹಾರಿಕ ಪರಿಣಾಮಗಳು ಹೊರಡುತ್ತವೆ. ಮೂತ್ರದ ಬಣ್ಣವನ್ನು ನೋಡಿ ದೇಹದ ನೀರನ್ನು ಅಂದಾಜು ಮಾಡುವ ರೂಢಿಯ ಉಪಾಯ ಈ ರೋಗದಲ್ಲಿ ನಂಬತಕ್ಕುದಲ್ಲ: ದೇಹ ಒಣಗಿದ್ದರೂ ಮೂತ್ರ ತಿಳಿಯಾಗಿರಬಹುದು, ಕಣಗಳು ಒಡೆದು ಬರುವ ವರ್ಣದ್ರವ್ಯದಿಂದ, ನೀರು ಸಾಕಷ್ಟಿದ್ದರೂ, ಅದು ಕಡುವಾಗಿರಬಹುದು. ಒಣಗಿದ ನಾಲಗೆ, ತಲೆಸುತ್ತು, ಚುರುಕಾದ ನಾಡಿ, ಹಠಾತ್ತನೆ ಇಳಿದ ತೂಕ ಇವು ಹೆಚ್ಚು ವಿಶ್ವಸನೀಯ. ಎರಡನೆಯದಾಗಿ, ಈ ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು ಸಾಮಾನ್ಯ. ಅದನ್ನು ಸೋಮಾರಿತನವೆಂದು ತಿಳಿದು ಮಗುವನ್ನು ಗದರಿಸುವುದು, ಸಂಜೆಯಿಂದಲೇ ನೀರು ಕೊಡದಿರುವುದು ಮನೆಗಳಲ್ಲಿ ನಡೆಯುವಂಥದೇ; ಮೂತ್ರ ತಡೆಯಲೆಂದು ನೀರನ್ನು ತಪ್ಪಿಸಿದರೆ ಹಾಸಿಗೆ ಒಣಗಿರಬಹುದೇ ಹೊರತು ಕಣಗಳಿಗೆ ಕೇಡು. ನಡುರಾತ್ರಿ ಒಮ್ಮೆ ಎಬ್ಬಿಸಿ ಹೊರಗೆ ಕಳುಹಿಸುವುದೇ ಯುಕ್ತವಾದ ಕ್ರಮ.

ಪ್ರಭೇದಗಳು

ತಂದೆತಾಯಿಗಳಿಬ್ಬರಿಂದಲೂ ಕುಡುಗೋಲು ಜೀನನ್ನು ಪಡೆದ ಎಸ್‌ಎಸ್ ಪ್ರಭೇದದಲ್ಲಿ ಮೇಲೆ ಹೇಳಿದ ವಿಕಾರಗಳೆಲ್ಲವೂ ಪೂರ್ಣಪ್ರಮಾಣದಲ್ಲಿ ಕಾಣಬರುತ್ತವೆ. ಕುಡುಗೋಲು ಜೀನಿನೊಡನೆ ಬೀಟಾ ಥಲಸ್ಸೀಮಿಯಾ ಸೇರಿದ ಪ್ರಭೇದವು ಭಾರತದಲ್ಲಿ ಅಪರೂಪವಲ್ಲ. ಪಶ್ಚಿಮ ಆಫ್ರಿಕ ಮೂಲದವರಲ್ಲಿ ಹೆಚ್ಚಾಗಿರುವ ಎಸ್‌ಸಿ ಪ್ರಭೇದವಂತೂ ನೀರಿನ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹ: ಅದರಲ್ಲಿ ಕುಡುಗೋಲು ಹೀಮೋಗ್ಲೋಬಿನಿನ (ಎಸ್) ಜೊತೆಗಿರುವ ಸಿ ಎಂಬ ಇನ್ನೊಂದು ವಿಕೃತ ಹೀಮೋಗ್ಲೋಬಿನ್ ತಾನಾಗಿ ನಾರುಗಟ್ಟುವುದಿಲ್ಲ, ಆದರೆ ಪೊಟಾಸಿಯಂ ಮತ್ತು ನೀರು ಕಣದಿಂದ ಸೋರಿಹೋಗುವಂತೆ ಮಾಡುವುದರ ಮೂಲಕ, ಜೊತೆಯಲ್ಲಿರುವ ಎಸ್ ಹೀಮೋಗ್ಲೋಬಿನನ್ನು ರೋಗಕಾರಕ ಸಾಂದ್ರತೆಗೆ ತಳ್ಳುತ್ತದೆ. ಈ ಪ್ರಭೇದದ ಮೂಲವೇ ಕಣ ನಿರ್ಜಲೀಕರಣವೆಂದರೂ ಸಲ್ಲುತ್ತದೆ.

ಒಬ್ಬರಿಂದ ಕುಡುಗೋಲು ಜೀನನ್ನೂ ಇನ್ನೊಬ್ಬರಿಂದ ಸಹಜ ಜೀನನ್ನೂ ಪಡೆದವರು ವಾಹಕರು. ಅವರಿಗೆ ಸಾಮಾನ್ಯವಾಗಿ ರೋಗವಿಲ್ಲ. ಆದರೂ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಅವರಲ್ಲಿಯೂ ಸ್ವಲ್ಪಮಟ್ಟಿಗೆ ಕುಗ್ಗಿರುತ್ತದೆ. ಅಮೆರಿಕದ ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನು ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಠಿಣ ತರಬೇತಿಯ ಕಾಲದ ಅಕಸ್ಮಾತ್ ಮರಣ ವಾಹಕರಾದ ಕರಿಯ ಜನಾಂಗದವರಲ್ಲಿ, ವಾಹಕರಲ್ಲದ ಅದೇ ಜನಾಂಗದವರಿಗಿಂತ ಸುಮಾರು 28 ಪಟ್ಟು ಹೆಚ್ಚೆಂದು ಕಂಡುಬಂದಿತು. ಬಿಸಿಲಿನಲ್ಲಿ ನೀರಿಲ್ಲದೆ ದೇಹವನ್ನು ದಂಡಿಸಬಾರದೆಂಬ ಎಚ್ಚರಿಕೆ ಆದುದರಿಂದ ವಾಹಕರಿಗೂ ಅನ್ವಯಿಸುತ್ತದೆ.

ನಿತ್ಯಜೀವನದಲ್ಲಿ

ವಯಸ್ಕರು ದಿನಕ್ಕೆ ಎಂಟರಿಂದ ಹತ್ತು ಲೋಟ, ಸೆಕೆಯ ಕಾಲದಲ್ಲಿ ಒಟ್ಟು ಮೂರು ಲೀಟರಿನವರೆಗೆ, ದ್ರವವನ್ನು ಸೇವಿಸುವುದು ಸಾಮಾನ್ಯ ಸೂಚನೆ. ಮಕ್ಕಳ ಪ್ರಮಾಣವನ್ನು ತೂಕದಿಂದ ನಿರ್ಣಯಿಸುತ್ತಾರೆ. 1957ರಿಂದ ಬಳಕೆಯಲ್ಲಿರುವ ಹಾಲಿಡೇ–ಸೀಗರ್ ಸೂತ್ರದಂತೆ ಮೊದಲ 10 ಕಿಲೋಗ್ರಾಮಿಗೆ ತಲಾ 100 ಮಿಲ್ಲಿಲೀಟರು, ಮುಂದಿನ ಹತ್ತಕ್ಕೆ ತಲಾ 50, ಆಮೇಲಿನದಕ್ಕೆ ತಲಾ 20. ಅಂದರೆ 25 ಕಿಲೋಗ್ರಾಮ್ ತೂಕದ ಮಗುವಿಗೆ 1,600 ಮಿಲ್ಲಿಲೀಟರು ಕನಿಷ್ಠ ಅವಶ್ಯಕತೆ. ಈ ಸೂತ್ರವು ನೆಟ್ಟಗಿರುವ ಮೂತ್ರಪಿಂಡವನ್ನು ಊಹಿಸಿಕೊಂಡು ರಚಿತವಾದುದರಿಂದ ಕುಡುಗೋಲು ಕಣ ರೋಗದ ಮಗುವಿಗೆ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಒಮ್ಮೆಲೇ ಚೆಂಬುಗಟ್ಟಲೆ ಕುಡಿದು ಉಳಿದ ಹೊತ್ತು ಸುಮ್ಮನಿರುವುದಕ್ಕಿಂತ, ಬಾಯಾರಿಕೆಗೆ ಕಾಯದೆ, ದಿನದುದ್ದಕ್ಕೂ ಗುಟುಕುಗುಟುಕಾಗಿ ಕುಡಿಯುವುದು ಲೇಸು. ಶಾಲೆಯಲ್ಲಿ ಮಗುವಿನ ಬಳಿ ನೀರಿನ ಬಾಟಲಿ ಇರುವುದರ ಜೊತೆಗೆ, ಪಾಠದ ನಡುವೆ ಎದ್ದುಹೋಗಲು ಅದಕ್ಕೆ ಅನುಮತಿಯೂ ಇರಬೇಕು. ಶೌಚಾಲಯವಿಲ್ಲದ ಅಥವಾ ಬೀಗ ಹಾಕಿದ ಶಾಲೆಗಳಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದಿರುವುದುಂಟು.

ನೀರೇ ಮುಖ್ಯ ಪೇಯ. ಮಜ್ಜಿಗೆ, ರಾಗಿ ಅಂಬಲಿ, ಗಂಜಿ, ತಿಳಿಸಾರು ಇವೂ ಲೆಕ್ಕಕ್ಕೆ ಸೇರುತ್ತವೆ, ಉಪ್ಪು ಮಿತವಾಗಿರಬೇಕು. ಎಳನೀರಿನಲ್ಲಿ ಪೊಟಾಸಿಯಂ ಹೇರಳವಾಗಿರುವುದರಿಂದ ಮೂತ್ರಪಿಂಡದ ವೈಫಲ್ಯ ತೊಡಗಿದವರು ವೈದ್ಯರನ್ನು ಕೇಳದೆ ಅದನ್ನು ಕುಡಿಯಲಾಗದು. ಕಾಫಿ, ಚಹಗಳು ಮಿತವಾಗಿದ್ದರೆ ನಿಷಿದ್ಧವಲ್ಲ. ಮದ್ಯವು ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಅಡಗಿಸಿ ನೀರನ್ನು ಹೊರದೂಡುವುದರಿಂದ ವರ್ಜ್ಯ.

ನೀರಿನ ಅವಶ್ಯಕತೆ ಏರುವ ಸಂದರ್ಭಗಳು ಹಲವು: ಜ್ವರ, ವಾಂತಿಭೇದಿ, ಬೇಸಗೆಯ ಕೂಲಿಕೆಲಸ, ದೀರ್ಘ ವಿಮಾನಪ್ರಯಾಣ, ಬೆಟ್ಟ ಹತ್ತುವುದು, ಬಸುರಿನ ಮೊದಲ ತಿಂಗಳುಗಳ ವಾಂತಿ. ಏಕಾದಶಿಯ ನಿರ್ಜಲ ಉಪವಾಸ, ರಂಜಾನಿನ ಹಗಲುಪವಾಸಗಳನ್ನು ವೈದ್ಯರ ಸಲಹೆಯಿಲ್ಲದೆ ಆಚರಿಸುವುದು ಅಪಾಯಕರ. ಚಳಿಯಲ್ಲಿ ಬಾಯಾರಿಕೆ ಮಂದವಾಗುತ್ತದೆ. ಚಳಿಯೇ ವೇದನಾಘಾತಕ್ಕೆ ಪ್ರೇರಕವಾದುದರಿಂದ ಆಗ ಬೆಚ್ಚಗಿನ ನೀರನ್ನು ಕುಡಿಯುವುದೂ, ತಣ್ಣೀರ ಸ್ನಾನವನ್ನು ಬಿಡುವುದೂ ಒಳ್ಳೆಯದು. ಭೇದಿಯಾದಾಗ ಬರಿಯ ನೀರು ಸಾಲದು. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿಸಿ ಕೊಡಬೇಕು. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿರುವ ಮಿಶ್ರಣದಲ್ಲಿ ಲೀಟರಿಗೆ 2.6 ಗ್ರಾಂ ಅಡಿಗೆಯ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಗಟ್ಟಿಯಾಗಿ ಕಲಸಿ ಕುಡಿಸುವುದು ಹಿತಕ್ಕೆ ಬದಲು ಅಹಿತವನ್ನು ಮಾಡುತ್ತದೆ.

38.5 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದ ಜ್ವರ, ಎದೆನೋವು, ಏದುಸಿರು, ಒಂದು ಪಾರ್ಶ್ವದ ನಿಶ್ಶಕ್ತಿ, ಮಕ್ಕಳಲ್ಲಿ ಹಠಾತ್ತನೆ ಉಬ್ಬಿದ ಗುಲ್ಮ, ಬಿಡದ ವಾಂತಿ ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ನೀರು ಕುಡಿಸುತ್ತ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಯಲ್ಲಿ

ವೇದನಾಘಾತಕ್ಕೆ ಗುರಿಯಾಗಿ ಬಂದವರಿಗೆ ಡ್ರಿಪ್ ಹಾಕುವುದು ಬಹುಕಾಲದ ಪದ್ಧತಿ. ಆದರೆ ಈ ಪದ್ಧತಿಗೆ ಆಧಾರವೆಷ್ಟೆಂದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷಕರು ಹುಡುಕಿದಾಗ ಪರಿಗಣನೆಗೆ ಅರ್ಹವಾದ ಯಾದೃಚ್ಛಿಕ ಪ್ರಯೋಗ ಒಂದೂ ದೊರೆಯಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಡಿಯಲ್ಲಿ 2014ರಲ್ಲಿ ಹೊರಟ ಮಾರ್ಗಸೂಚಿಯು, ಶರೀರದಲ್ಲಿ ನೀರು ಸರಿಯಾಗಿದ್ದು ಬಾಯಿಯಿಂದ ಕುಡಿಯಲಾರದವರಿಗೆ ನಿತ್ಯದ ಅವಶ್ಯಕತೆಯನ್ನು ಮೀರದಷ್ಟು ಮಾತ್ರ ಅಭಿಧಮನಿಯ ಮೂಲಕ ಕೊಡಬೇಕೆಂದು ಹೇಳಿತು. ಅಮೆರಿಕದ ರಕ್ತವಿಜ್ಞಾನ ಸಂಘದ 2020ರ ಮಾರ್ಗಸೂಚಿ ಈ ವಿಷಯದಲ್ಲಿ ಪರವಾಗಿಯೂ ವಿರುದ್ಧವಾಗಿಯೂ ತೀರ್ಪು ಕೊಡಲಿಲ್ಲ. ಅತಿಯಾದ ದ್ರವದಿಂದ ಶ್ವಾಸಕೋಶದಲ್ಲಿ ನೀರು ತುಂಬಿ, ಈ ರೋಗದ ಮಾರಕ ತೊಡಕುಗಳಲ್ಲೊಂದಾದ ತೀವ್ರ ವಕ್ಷಸ್ಥಿತಿ ಉಲ್ಬಣಿಸಬಹುದು. ನೀರು ಹೆಚ್ಚಿದಷ್ಟೂ ಒಳಿತೆಂಬ ನಂಬಿಕೆ ಇಲ್ಲಿ ಸಲ್ಲದು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವಿರಿಸುವಾಗ ಡ್ರಿಪ್ಪಿನ ಉಪಯುಕ್ತತೆ ಸಾಮಾನ್ಯವಾಗಿ ಒಪ್ಪಿತವಾದುದು.

ಕಣಕ್ಕೇ ನೀರೂಡಿಸುವ ಪ್ರಯತ್ನಗಳು

ಕುಡಿದ ನೀರು ಶರೀರಕ್ಕೆ ಸೇರುತ್ತದೆ. ಕಣಕ್ಕೆ ಸೇರಿಸುವುದು ಹೇಗೆಂಬುದು ಬೇರೆಯದೇ ಪ್ರಶ್ನೆ. 1980ರಲ್ಲಿ ರೋಸಾ ಮತ್ತು ಸಂಗಡಿಗರು ಮೂವರು ರೋಗಿಗಳಲ್ಲಿ ರಕ್ತದ ಸೋಡಿಯಂ ಅನ್ನು ಉದ್ದೇಶಪೂರ್ವಕವಾಗಿ ತಗ್ಗಿಸಿ, ಕಣಗಳು ನೀರನ್ನು ಹೀರಿ ಉಬ್ಬುವಂತೆ ಮಾಡಿ, ನೋವು ಕಡಮೆಯಾದುದನ್ನು ವರದಿ ಮಾಡಿದರು. ಸೋಡಿಯಂ ಇಳಿದರೆ ಮೆದುಳಿಗೆ ಅಪಾಯವಿರುವುದರಿಂದ ಆ ಮಾರ್ಗ ಬಳಕೆಗೆ ಬರಲಿಲ್ಲ. ಅನಂತರ ಗಾರ್ಡೋಷ್ ನಾಳವನ್ನು ಮುಚ್ಚುವ ಸೆನಿಕಪಾಕ್ ಎಂಬ ಔಷಧವನ್ನು ಪರೀಕ್ಷಿಸಲಾಯಿತು. ಅದರಿಂದ ಕಣಗಳು ಒಡೆಯುವುದು ಕಡಮೆಯಾಗಿ ಹೀಮೋಗ್ಲೋಬಿನ್ ಏರಿತಾದರೂ, ವೇದನಾಘಾತಗಳು ಇಳಿಯಲಿಲ್ಲ. ಕಣಗಳ ಸಂಖ್ಯೆ ಹೆಚ್ಚಿ ರಕ್ತ ಮಂದವಾದುದೇ ಕಾರಣವಿರಬಹುದೆಂದು ಊಹಿಸಿದವರುಂಟು. ಇವಕ್ಕಿಂತ ಯಶಸ್ವಿಯಾದುದು ಹೈಡ್ರಾಕ್ಸಿಯೂರಿಯ. 1995ರಲ್ಲಿ ದೊಡ್ಡ ಪ್ರಯೋಗವೊಂದರಲ್ಲಿ ವೇದನಾಘಾತಗಳನ್ನು ತಗ್ಗಿಸಿದುದೆಂದು ಸಿದ್ಧವಾದ ಈ ಮಾತ್ರೆ, ನಾರುಗಟ್ಟುವುದನ್ನು ತಡೆಯುವ ಭ್ರೂಣ ಹೀಮೋಗ್ಲೋಬಿನನ್ನು (ಗರ್ಭದಲ್ಲಿನ ಶಿಶುವಿನ ಹೀಮೋಗ್ಲೋಬಿನ್) ಹೆಚ್ಚಿಸುವುದು ಮಾತ್ರವಲ್ಲದೆ, ಕಣವನ್ನು ದೊಡ್ಡದಾಗಿಯೂ ಜಲಪೂರಿತವಾಗಿಯೂ ಮಾಡುತ್ತದೆ. ನೀರು ಕುಡಿಯುವುದು ಈ ಮಾತ್ರೆಗೆ ಪರ್ಯಾಯವಲ್ಲ.

ಸದ್ಯದ ಸ್ಥಿತಿ

ಕರ್ನಾಟಕದಲ್ಲಿ ಈ ಜೀನು ಮುಖ್ಯವಾಗಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಜೇನುಕುರುಬ, ಬೆಟ್ಟಕುರುಬ, ಸೋಲಿಗ, ಇರುಳಿಗ, ಎರವ ಮೊದಲಾದ ಬುಡಕಟ್ಟುಗಳಲ್ಲಿ ಕಂಡುಬಂದಿದೆ. ಭಾರತದ ಗಿರಿಜನರಲ್ಲಿ ಭ್ರೂಣ ಹೀಮೋಗ್ಲೋಬಿನ್ ಹೆಚ್ಚಾಗಿ ಉಳಿದುಕೊಳ್ಳುವುದರಿಂದ ರೋಗದ ಉಗ್ರತೆ ಆಫ್ರಿಕ ಮೂಲದವರಿಗಿಂತ ಹಲವೊಮ್ಮೆ ಸೌಮ್ಯ. ಆದರೂ ಕಾಫಿತೋಟದ ಕೂಲಿ, ಕಾಡಿನ ಕಿರುಉತ್ಪನ್ನಗಳ ಸಂಗ್ರಹಣೆಗಳಲ್ಲಿ ದಿನವಿಡೀ ದುಡಿಯುವವರಿಗೆ ನೀರಿನ ಆಸರೆ ಸುಲಭವಾಗಿ ದೊರಕದು. ಹಾಡಿಯಿಂದ (ಗಿರಿಜನರ ವಸತಿಯಿಂದ) ದೂರದ ಹಳ್ಳಕ್ಕೆ ಹೋಗಿ ಹೊತ್ತು ತರಬೇಕಾದಲ್ಲಿ ದಿನಕ್ಕೆ ಮೂರು ಲೀಟರು ಕುಡಿಯಬೇಕೆಂಬ ಸಲಹೆ, ಹೊರುವವರ ಶ್ರಮವನ್ನೂ ಹೆಚ್ಚಿಸುವ ಸಲಹೆ.

ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ರಾಷ್ಟ್ರೀಯ ಕುಡುಗೋಲು ರಕ್ತಹೀನತಾ ನಿರ್ಮೂಲನ ಅಭಿಯಾನವನ್ನು ಆರಂಭಿಸಿತು. 40 ವರ್ಷದವರೆಗಿನ 7 ಕೋಟಿ ಜನರ ರಕ್ತಪರೀಕ್ಷೆ ಮಾಡುವುದು, 2047ರೊಳಗೆ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಸ್ಥಾನದಿಂದ ತೆಗೆಯುವುದು ಅದರ ಗುರಿ. ಕರ್ನಾಟಕವೂ ಅದರಲ್ಲಿ ಸೇರಿದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅನುಮೋದನೆ ಪಡೆದ ಜೀನ್ ಚಿಕಿತ್ಸೆಗಳು ರೋಗದ ಮೂಲವನ್ನೇ ಗುರಿಯಾಗಿಟ್ಟುಕೊಂಡಿವೆಯಾದರೂ, ಅವುಗಳ ವೆಚ್ಚ ಒಬ್ಬ ರೋಗಿಗೆ 20 ಲಕ್ಷ ಡಾಲರನ್ನು ಮೀರುತ್ತದೆ.